ವೇಗ ಇಳಿಸುವಾಗ ಕ್ಲಚ್ಚಿಗೇಕೆ ಅವಸರ?

ಕೆಮ್ಮಣ್ಣುಗುಂಡಿ ಇರುವುದು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ. ತರೀಕೆರೆ ಪಟ್ಟಣ 700 ಮೀಟರಿನ ಆಸುಪಾಸಿನಲ್ಲಿ. ಕಲ್ಲತ್ತಿಗಿರಿ, ಲಿಂಗದಹಳ್ಳಿ ಹಾದು ಕೆಳಗೆ ಬರುವ ಕಾರು ಏಳುನೂರು ಮೀಟರಿನಷ್ಟು ಇಳಿದಿರುತ್ತದೆ. ಜನ, ಸಾಮಾನು ಸೇರಿ 1,200 ಕೆ.ಜಿ. ತೂಗುವ ಕಾರು ಇಷ್ಟು ಇಳಿದಾಗ ಹೊರಬೀಳುವ ಶಕ್ತಿ ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಲ್ಲದು. ಚಾಲಕ ನ್ಯೂಟ್ರಲ್ ಮಾಡಿಕೊಂಡು ಬಂದರೆ ಆ ಶಾಖದ ಬಹುಪಾಲನ್ನು ಬ್ರೇಕುಗಳೇ ತಡೆದುಕೊಳ್ಳಬೇಕು.

ವೇಗ ತಗ್ಗಿಸುವಾಗ ಕ್ಲಚ್ ಯಾವಾಗ ಒತ್ತಬೇಕು, ಗೇರ್ ಎಷ್ಟು ಇಳಿಸಬೇಕು ಎಂಬ ವಿಷಯದಲ್ಲಿ ನಮ್ಮ ರಸ್ತೆಗಳಲ್ಲಿ ಎರಡು ಅಭ್ಯಾಸಗಳು ಬೇರೂರಿವೆ. ಕಾಲು ಬ್ರೇಕಿಗೆ ಹೋಗುವ ಮೊದಲೇ ಕ್ಲಚ್ ಒತ್ತಿ ಗಾಡಿಯನ್ನು ತೇಲಲು ಬಿಡುವುದು ಒಂದು. ಪ್ರತಿ ಸಲವೂ ನಾಲ್ಕು, ಮೂರು, ಎರಡು, ಒಂದು ಎಂದು ಮೆಟ್ಟಿಲು ಮೆಟ್ಟಿಲಾಗಿ ಗೇರ್ ಇಳಿಸುವುದು ಇನ್ನೊಂದು. ಎರಡೂ ಹಳೆಯ ಗಾಡಿಗಳ ಕಾಲದಲ್ಲಿ ಹುಟ್ಟಿದವು. ಇಂದಿನ ಕಾರಿಗೆ ಎರಡೂ ಹೊಂದುವುದಿಲ್ಲ.

ನ್ಯೂಟ್ರಲ್ ಮಾಡಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ಕಾರ್ಬುರೇಟರ್ ಇದ್ದಾಗಿನದು. ಈಗಿನ ಇಂಜಿನ್‌ಗಳಲ್ಲಿ ಇಂಧನವನ್ನು ಅಳೆದು ಕೊಡುವುದು ಕಂಪ್ಯೂಟರ್. ಗೇರಿನಲ್ಲಿ ಓಡುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಅದು ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ಇಂಜಿನ್ನನ್ನು ಆಗ ತಿರುಗಿಸುವುದು ಚಕ್ರಗಳು, ಆ ಶ್ರಮಕ್ಕೇ ವೇಗ ತಗ್ಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಉರಿಯುತ್ತಲೇ ಇರಬೇಕು. ಉಳಿತಾಯದ ಲೆಕ್ಕ ತಿರುವುಮುರುವಾಗಿದೆ.

ಹಾಗೆಂದು ಎಲ್ಲ ಕಡೆ ಗೇರಿನಿಂದಲೇ ವೇಗ ತಗ್ಗಿಸಹೊರಡುವುದೂ ತಪ್ಪು. ಕಡೂರು, ಬೀರೂರು, ತರೀಕೆರೆಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಹಿಂದೆ ಲಾರಿ ಬರುತ್ತಿರುತ್ತದೆ. ಮುಂದಿನ ಕಾರು ಗೇರ್ ಇಳಿಸಿ ನಿಧಾನವಾದರೆ ಅದರ ಬ್ರೇಕ್ ದೀಪ ಹೊತ್ತುವುದಿಲ್ಲ. ಲಾರಿ ಚಾಲಕನಿಗೆ ಸೂಚನೆ ಸಿಗುವುದಿಲ್ಲ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಕೆಳಗಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಚಕ್ರ ಹಿಡಿತ ತಪ್ಪಬಹುದು. ಖರ್ಚಿನ ಮಾತೂ ಇದೆ: ಸವೆದ ಬ್ರೇಕ್ ಪ್ಯಾಡ್ ಬದಲಿಸುವುದು ಸಣ್ಣ ಕೆಲಸ, ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು.

ಅಜ್ಜಂಪುರದ ಕಡೆಯ ರಸ್ತೆಯನ್ನು ನೋಡಿ. ಈರುಳ್ಳಿ ಹೇರಿದ ಟ್ರ್ಯಾಕ್ಟರ್, ಮೇಯಲು ಹೊರಟ ದನಗಳು, ಊರು ಬಂದಲ್ಲೆಲ್ಲ ಹಂಪ್. ಅರವತ್ತರ ವೇಗದಲ್ಲಿ ನಾಲ್ಕನೇ ಗೇರಿನಲ್ಲಿರುವ ಚಾಲಕ ಹಂಪ್ ಕಂಡೊಡನೆ ಮಾಡಬೇಕಾದದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಗೇರಿನಲ್ಲಿದ್ದಂತೆಯೇ ಬ್ರೇಕ್ ಒತ್ತುವುದು. ವೇಗ ಇಪ್ಪತ್ತೈದರ ಹತ್ತಿರ ಬಂದಾಗ, ಇಂಜಿನ್ ನಡುಗುವ ಮುನ್ನ, ಕ್ಲಚ್ ಒತ್ತಿ ನಾಲ್ಕರಿಂದ ನೇರವಾಗಿ ಎರಡಕ್ಕೆ ಹಾಕಬಹುದು. ಮೂರನ್ನು ಮುಟ್ಟಲೇಬೇಕೆಂದಿಲ್ಲ. ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಹಂಪ್ ದಾಟುವಾಗಲೂ ಗಾಡಿ ಹಿಡಿತದಲ್ಲಿರುತ್ತದೆ. ಪೂರ್ತಿ ನಿಲ್ಲಿಸುವುದಾದರೆ ಗೇರ್ ಇಳಿಸುವುದೇ ಬೇಡ. ಕೊನೆಯಲ್ಲಿ ಕ್ಲಚ್ ಒತ್ತಿದರಾಯಿತು.

ಘಾಟಿಯಲ್ಲಿ ಮಾತ್ರ ಗೇರಿಗೇ ಮೊದಲ ಸ್ಥಾನ. ಏರಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಪಾಠ ಇಂದಿಗೂ ಸರಿ. ಮೈಲಿಗಟ್ಟಲೆ ಬ್ರೇಕ್ ತುಳಿಯುತ್ತಲೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ. ಹಳತಾದಷ್ಟೂ ಬೇಗ ಕುದಿಯುತ್ತದೆ. ಕುದಿದಾಗ ಏಳುವ ಗುಳ್ಳೆಗಳಿಂದಾಗಿ ಪೆಡಲ್ ತಳಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬಂದು, ತಿರುವುಗಳಲ್ಲಷ್ಟೇ ಬ್ರೇಕ್ ಒತ್ತಿ ಬಿಡುವವನಿಗೆ ಈ ಭಯವಿಲ್ಲ.

ಇದು ಕಾನೂನಿನಲ್ಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದ ಪ್ರಕಾರ, ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರಬಲ್ಲೆನೆಂದು ಲೈಸೆನ್ಸ್ ಬಯಸುವವರು ಪರೀಕ್ಷೆಯಲ್ಲಿ ತೋರಿಸಬೇಕು. ಬಯಲು ಮೈದಾನದಲ್ಲಿ ಎಂಟು ಹಾಕಿಸಿದರೆ ಈ ಕೌಶಲ ಬರುವುದಿಲ್ಲ. ಕೆಎ-66 ಫಲಕದ ಗಾಡಿಗಳ ತರೀಕೆರೆಗೆ ಘಾಟಿ ಕೂಗಳತೆಯಲ್ಲೇ ಇದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಡ್ರೈವಿಂಗ್ ಸ್ಕೂಲುಗಳು ಕಲಿಯುವ ಪ್ರತಿಯೊಬ್ಬರನ್ನೂ ಒಮ್ಮೆಯಾದರೂ ಲಿಂಗದಹಳ್ಳಿಯಾಚೆಯ ಆ ಏರಿಗೆ ಕರೆದೊಯ್ದು, ಎರಡನೇ ಗೇರಿನಲ್ಲಿ ಇಳಿಸಿಕೊಂಡು ಬರಬೇಕು.