ಕಟ್ಟಿಗೆ ಕೊಯ್ಯಲು ಎಷ್ಟು ದೊಡ್ಡ ಗರಗಸ ಬೇಕು?

ದಾವಣಗೆರೆಯಲ್ಲಿ ಕಟ್ಟಿಗೆ ಒಲೆ ಇನ್ನೂ ಆರಿಲ್ಲ. ಬೆಣ್ಣೆ ದೋಸೆಯ ಎಷ್ಟೋ ಹೋಟೆಲುಗಳಲ್ಲಿ ಕಾವಲಿಯ ಕೆಳಗೆ ಈಗಲೂ ಸೌದೆಯೇ ಉರಿಯುತ್ತದೆ. ಮದುವೆ, ಜಾತ್ರೆ, ದಾಸೋಹದ ದೊಡ್ಡ ಅಡುಗೆಗಳಿಗೂ ಅದೇ ಬೇಕು. ಇತ್ತ ಹರಿಹರದ ಸುತ್ತಲಿನ ಹಳ್ಳಿಗಳಲ್ಲಿ ಬದುವಿನ ಬೇವು, ಕರಿಜಾಲಿ, ಹುಣಸೆಗಳ ಟೊಂಗೆಗಳನ್ನು ಮಳೆಗಾಲಕ್ಕೆ ಮುಂಚೆ ಸವರದಿದ್ದರೆ ಬೆಳೆಗೆ ನೆರಳು ಬೀಳುತ್ತದೆ, ವಿದ್ಯುತ್ ತಂತಿಗೂ ತಗಲುತ್ತದೆ. ಕೊಡಲಿಯ ಈ ಕೆಲಸ ಈಗ ಬಹುಪಾಲು ಚೈನ್‌ಸಾ ಪಾಲಾಗಿದೆ. ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸಿಸಿ?’, ಎರಡನೆಯದು, ಚೈನ್ ಸುತ್ತಿ ಓಡುವ ಪಟ್ಟಿಯ ಬಗ್ಗೆ, ‘ಬಾರ್ ಎಷ್ಟು ಇಂಚು?’. ಎರಡಕ್ಕೂ ದೊಡ್ಡ ಅಂಕಿ ಸಿಕ್ಕರೆ ವ್ಯಾಪಾರ ಕುದುರಿದಂತೆ. ಕಟ್ಟಿಗೆ ತುಂಡರಿಸುವುದಕ್ಕೂ ಟೊಂಗೆ ಸವರುವುದಕ್ಕೂ 40ರಿಂದ 50 ಸಿಸಿಯ, 16 ಇಂಚು ಬಾರಿನ ಮಧ್ಯಮ ಗರಗಸವೇ ಸರಿ ಎಂಬುದು ನನ್ನ ವಾದ. ಅದಕ್ಕಿಂತ ದೊಡ್ಡದನ್ನು ಕೊಳ್ಳುವವರು ಹೆಚ್ಚು ಶಕ್ತಿಯನ್ನಲ್ಲ, ಹೆಚ್ಚು ಅಪಾಯವನ್ನು ಮನೆಗೆ ತರುತ್ತಿದ್ದಾರೆ.

ಸಿಸಿ ಎನ್ನುವುದು ಸಿಲಿಂಡರಿನ ಗಾತ್ರ, ಎಂಜಿನ್ನಿನ ಬಲವಲ್ಲ. ಸ್ಟಿಲ್ ಕಂಪನಿಯ ಎಂಎಸ್ 250 ಮಾದರಿ 45.4 ಸಿಸಿಯದು, ಬಲ 2.3 ಕಿಲೋವ್ಯಾಟ್, ಬಾರ್ ಮತ್ತು ಚೈನ್ ಬಿಟ್ಟು ತೂಕ 4.6 ಕಿಲೋ. ಹಸ್ಕ್‌ವರ್ನಾ 450 ಮಾದರಿ 50.2 ಸಿಸಿಯದು, ಬಲ 2.4 ಕಿಲೋವ್ಯಾಟ್. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 58 ಸಿಸಿ ಗರಗಸಗಳಲ್ಲಿ ಎಷ್ಟೋ ಡಬ್ಬಿಗಳ ಮೇಲೆ ಬರೆದಿರುವುದೂ ಹೆಚ್ಚುಕಡಿಮೆ ಇಷ್ಟೇ ಕಿಲೋವ್ಯಾಟ್. ಬಲ ಅಷ್ಟೇ ಇರುವಾಗ ಬಾರ್ ಮಾತ್ರ 22 ಇಂಚಿಗೆ ಬೆಳೆದರೆ, ಅದೇ ಎಂಜಿನ್ ಉದ್ದನೆಯ ಚೈನನ್ನು ಎಳೆಯಬೇಕು, ಹೆಚ್ಚು ಘರ್ಷಣೆ ಎದುರಿಸಬೇಕು. ಇನ್ನು ಟೊಂಗೆ ಸವರುವಾಗ ಆಗುವ ಅನಾಹುತದ ಮೂಲ ಬಾರಿನ ಮೂತಿ. ಮೂತಿಯ ಮೇಲಿನ ಕಾಲು ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ, ಆಳಿನ ಮುಖದತ್ತ ಚಿಮ್ಮುತ್ತದೆ. ಉರುಳಿಸಿದ ಜಾಲಿಮರದ ಹತ್ತಾರು ಕೊಂಬೆಗಳ ನಡುವೆ ಕೈಯಾಡಿಸುವಾಗ ಕಣ್ಣು ಕೊಯ್ಯುವ ಕೊಂಬೆಯ ಮೇಲಿರುತ್ತದೆ, ಉದ್ದ ಬಾರಿನ ಮೂತಿ ಅದರಾಚೆಯ ಕಾಣದ ಕೊಂಬೆಗೆ ಬಡಿಯುತ್ತದೆ. 16 ಇಂಚಿನ ಬಾರಿನ ಮೂತಿ ಕಣ್ಣಳತೆಯಲ್ಲೇ ಇರುತ್ತದೆ. ದಿನವಿಡೀ ಹಿಡಿದು ದುಡಿಯುವ ತೋಳಿಗೆ ಒಂದು ಕಿಲೋ ಕಡಿಮೆಯಾದರೂ ಸಂಜೆಯ ದಣಿವಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಕೈ ಸೋತ ಹೊತ್ತಿನಲ್ಲೇ ಮೂತಿ ದಾರಿ ತಪ್ಪುವುದು.

ಹುಣಸೆಯಂಥ ಗಟ್ಟಿಮರಕ್ಕೆ, ಬೊಡ್ಡೆಗೆ ಸಣ್ಣದು ಸಾಕೇ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಪ್ರಶ್ನೆ. 16 ಇಂಚೆಂದರೆ 40 ಸೆಂಟಿಮೀಟರ್. ಎರಡೂ ಬದಿಯಿಂದ ಕೊಯ್ದರೆ ಅದಕ್ಕಿಂತ ಸಾಕಷ್ಟು ದಪ್ಪನೆಯ ದಿಮ್ಮಿಯೂ ತುಂಡಾಗುತ್ತದೆ. ಒಲೆಗೆ ಬರುವ ಕಟ್ಟಿಗೆಯಲ್ಲಿ ಅದನ್ನು ಮೀರುವ ದಪ್ಪ ಅಪರೂಪ. ದಿನವೂ ದೊಡ್ಡ ಬೊಡ್ಡೆಗಳನ್ನೇ ಕೊಯ್ಯುವ ಗುತ್ತಿಗೆದಾರನ ಮಾತು ಬೇರೆ. ಅವನಿಗೆ 60 ಸಿಸಿ ದಾಟಿದ, ಅದಕ್ಕೆ ತಕ್ಕ ಬಲವೂ ಇರುವ ವೃತ್ತಿಪರ ಯಂತ್ರ ಬೇಕು. ಅಗ್ಗದ 58 ಸಿಸಿ ಅವನಿಗೂ ಒದಗುವುದಿಲ್ಲ.

ಗಟ್ಟಿಮರದಲ್ಲಿ ಗರಗಸ ಸೋಲುವುದು ಬಹುತೇಕ ಎಂಜಿನ್ನಿನ ಕೊರತೆಯಿಂದಲ್ಲ, ಹಲ್ಲು ಮೊಂಡಾಗಿರುವುದರಿಂದ. ಹರಿತವಾದ ಚೈನ್ ಮರದಿಂದ ಚಕ್ಕೆ ಎಬ್ಬಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಬದುವಿನ ಮರದ ತೊಗಟೆಗೆ ಮಣ್ಣು ಮೆತ್ತಿರುತ್ತದೆ, ಎಂದೋ ಬಡಿದ ಮೊಳೆ, ಸುತ್ತಿದ ಮುಳ್ಳುತಂತಿ ಒಳಗೆ ಹುದುಗಿರುತ್ತದೆ. ಚೈನ್ ಒಮ್ಮೆ ನೆಲ ಮುಟ್ಟಿದರೂ ಹಲ್ಲಿನ ಅಂಚು ಹೋಯಿತು. ಆಗ ಆಳು ಗರಗಸವನ್ನು ಒತ್ತತೊಡಗುತ್ತಾನೆ, ಬಾರ್ ಕಾಯುತ್ತದೆ, ಎಂಜಿನ್ ನರಳುತ್ತದೆ, ‘ಇದರಲ್ಲಿ ದಮ್ಮಿಲ್ಲ, ದೊಡ್ಡದು ಬೇಕಿತ್ತು’ ಎಂಬ ಮಾತು ಹುಟ್ಟುತ್ತದೆ. ಆಗ ಬೇಕಾದದ್ದು ಒಂದು ಅರ ಮಾತ್ರ. ಈ ಗಾತ್ರದ ಗರಗಸಗಳಲ್ಲಿ ಸಾಮಾನ್ಯವಾದ .325 ಪಿಚ್ ಚೈನಿಗೆ 4.8 ಮಿಲಿಮೀಟರಿನ ದುಂಡನೆಯ ಅರ ಹಿಡಿದು, ಹಲ್ಲಿನ ಮೇಲೆ ಗುರುತಿಸಿದ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಬೇಕು. ಪ್ರತಿ ಹಲ್ಲಿಗೂ ಎರಡೋ ಮೂರೋ ಸಲ, ಎಲ್ಲಕ್ಕೂ ಒಂದೇ ಎಣಿಕೆ. ಒಂದು ಬದಿ ಹೆಚ್ಚು ಸವೆದರೆ ಕೊಯ್ತ ಓರೆಯಾಗುತ್ತದೆ. ಪೆಟ್ರೋಲ್ ತುಂಬುವಾಗೆಲ್ಲ ಐದು ನಿಮಿಷ ಇದಕ್ಕೆ ಕೊಟ್ಟರೆ ಸಾಕು. 16 ಇಂಚಿನ ಚೈನಿನಲ್ಲಿ ಸುಮಾರು 33 ಹಲ್ಲು, 22 ಇಂಚಿನದರಲ್ಲಿ 43. ದೊಡ್ಡ ಬಾರ್ ಕೊಂಡವರು ಅರ ಹಾಕಲು ಬೇಸರಪಡುವುದಕ್ಕೆ ಇದೂ ಒಂದು ಕಾರಣ ಇದ್ದೀತು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾಗಿ ದಶಕಗಳ ಕಾಲ ಲೇತ್ ಯಂತ್ರಗಳನ್ನು ದೇಶಕ್ಕೆಲ್ಲ ಕಳಿಸಿದ ಊರು ಹರಿಹರ. ಉಳಿಯ ಮೊನೆ ಸರಿಯಿಲ್ಲದಿದ್ದರೆ ಎಂಥ ಮೋಟಾರೂ ನಿಷ್ಪ್ರಯೋಜಕ ಎಂದು ಬಲ್ಲ ಕೈಗಳು ಆ ಊರಿನ ವರ್ಕ್‌ಶಾಪುಗಳಲ್ಲಿ ಇನ್ನೂ ಇವೆ. ಆ ತಿಳಿವಳಿಕೆ ಗರಗಸ ಹಿಡಿದವರಿಗೆ ದಾಟಬೇಕು.

ಬೆಲೆಯ ಆಕ್ಷೇಪ ಇನ್ನೂ ಗಟ್ಟಿ. ಒಳ್ಳೆಯ ಕಂಪನಿಯ ಮಧ್ಯಮ ಗರಗಸದ ದುಡ್ಡಿನಲ್ಲಿ ಅಗ್ಗದವು ಮೂರೋ ನಾಲ್ಕೋ ಬರುತ್ತವೆ, ಅವುಗಳ ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ವರ್ಷಕ್ಕೆ ಹತ್ತಾರು ಗಂಟೆ ಮಾತ್ರ ಬಳಸುವ ರೈತನಿಗೆ ಇದನ್ನು ತಳ್ಳಿಹಾಕೆಂದು ಹೇಳುವುದು ಸುಲಭವಲ್ಲ. ಆದರೆ ಎರಡು ವಿಷಯಗಳಲ್ಲಿ ರಾಜಿ ಸಲ್ಲದು. ಒಂದು ಚೈನ್ ಬ್ರೇಕ್: ಮುಂದಿನ ಕಾಪು ಕೈಗೆ ತಾಗಿದೊಡನೆ ಮಾತ್ರವಲ್ಲ, ಗರಗಸ ಚಿಮ್ಮಿದ ರಭಸಕ್ಕೇ ಅದು ಚೈನನ್ನು ತಟ್ಟನೆ ನಿಲ್ಲಿಸಬೇಕು. ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿಸಿ ಕಾಪನ್ನು ಒತ್ತಿ ನೋಡದೆ ದುಡ್ಡು ಎಣಿಸಬಾರದು. ಇನ್ನೊಂದು ಕಂಪನ ತಡೆ: ಹಿಡಿಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇರಬೇಕು. ವರ್ಷಗಟ್ಟಲೆ ಕಂಪನ ತಿಂದ ಬೆರಳುಗಳಲ್ಲಿ ರಕ್ತಸಂಚಾರ ಕೆಟ್ಟು, ಚಳಿಗೆ ಬಿಳಿಚಿಕೊಂಡು ಜೋಮುಗಟ್ಟುವ ರೋಗ ಮರ ಕಡಿಯುವವರಲ್ಲಿ ಬಹಳ ಹಿಂದೆಯೇ ಗುರುತಾಗಿದೆ. ಅದು ಬಲಿತ ಮೇಲೆ ವಾಸಿಯಾಗುವುದಿಲ್ಲ. ಕೂಲಿಯಾಳಿನ ಕೈಗೆ ಗರಗಸ ಕೊಡುವ ಮಾಲೀಕರು ಇದನ್ನು ಮೊದಲು ಯೋಚಿಸಬೇಕು. ಅಗ್ಗದ್ದನ್ನು ಈಗಾಗಲೇ ಕೊಂಡಿದ್ದರೆ, ಅದಕ್ಕೆ ಹೊಂದುವ 16 ಅಥವಾ 18 ಇಂಚಿನ ಬಾರ್, ಕಡಿಮೆ ಚಿಮ್ಮುವ ಜಾತಿಯ ಒಳ್ಳೆಯ ಚೈನ್ ಹಾಕಿಸಿ. ಖರ್ಚು ಅಲ್ಪ, ಯಂತ್ರ ಹಗುರಾಗುತ್ತದೆ.

ಪೆಟ್ರೋಲಿನ ಮಾತನ್ನೂ ಹೇಳಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ನಮ್ಮ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯೂ ಎಥನಾಲ್ ತಯಾರಿಸುತ್ತದೆ, ಕಬ್ಬು ಬೆಳೆಗಾರರಿಗೆ ಅದರಿಂದ ಲಾಭವೂ ಇದೆ. ಆದರೆ ಸಣ್ಣ ಟೂ ಸ್ಟ್ರೋಕ್ ಎಂಜಿನ್ನುಗಳ ಹಲವು ಕೈಪಿಡಿಗಳು ಒಪ್ಪುವುದು ಶೇ 10ರವರೆಗೆ ಮಾತ್ರ. ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರಿನ ತೆಳು ಪೊರೆ ಗಡಸಾಗಿ ಯಂತ್ರ ಚಾಲೂ ಆಗುವುದೇ ಇಲ್ಲ. ಕೊಳ್ಳುವ ಮಾದರಿ ಈ ಪೆಟ್ರೋಲಿಗೆ ಒಗ್ಗುವುದೇ ಎಂದು ಲಿಖಿತವಾಗಿ ಕೇಳಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬ್ಯಾಟರಿ ಗರಗಸಕ್ಕೆ ಈ ತೊಂದರೆಯಿಲ್ಲ. ಮನೆಯಂಗಳದ ಕೊಂಬೆಗೆ ಅದು ಚೆನ್ನ, ಹೊಲದಲ್ಲಿ ಇಡೀ ದಿನದ ಕೆಲಸಕ್ಕೆ ಸಾಲದು.

ಗರಗಸ ಕೊಂಡ ಮಾತ್ರಕ್ಕೆ ಯಾವ ಮರಕ್ಕಾದರೂ ಕೈ ಹಚ್ಚುವ ಹಕ್ಕು ಬಾರದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನೀಲಗಿರಿ, ಗಾಳಿಮರ, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವನ್ನು ಬಿಟ್ಟಿದೆ. ಬೇವು, ಹುಣಸೆ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ಹತ್ತಿ ಒಂದೇ ಕೈಯಲ್ಲಿ ಈ ಗರಗಸ ಚಲಾಯಿಸುವ ಪರಿಪಾಠವಂತೂ ನಿಲ್ಲಲೇಬೇಕು. ನಿಂತ ಮರದ ಎತ್ತರದ ಕೊಂಬೆಗೆ ಕೋಲುಗರಗಸವಿದೆ.

ಕಾಲಿಗೆ ಕಟ್ಟುವ ರಕ್ಷಾಕವಚ, ಕಿವಿಮುಚ್ಚುಗ, ಮುಖಜಾಲ ನಮ್ಮ ಬಿಸಿಲಿಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಸೆಕೆ ನಿಜ. ಆದರೆ ಆ ಕವಚದೊಳಗಿನ ಉದ್ದನೆಯ ನಾರುಗಳು ಚೈನಿಗೆ ಸಿಕ್ಕಿಕೊಂಡು ಅದನ್ನು ಕ್ಷಣದಲ್ಲಿ ಕಟ್ಟಿಹಾಕುತ್ತವೆ, ದಪ್ಪ ಪ್ಯಾಂಟು ಆ ಕೆಲಸ ಮಾಡದು. ಸೆಕೆಗೆ ಬೆಳಗಿನ ಹೊತ್ತು ದುಡಿಯುವುದು ಪರಿಹಾರ. ವರ್ಷಕ್ಕೊಮ್ಮೆ ಬಳಸುವ ರೈತ ಇಷ್ಟನ್ನೆಲ್ಲ ಕೊಳ್ಳಲಾರ ಎಂಬುದನ್ನು ಒಪ್ಪಬೇಕು. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳು ಮಧ್ಯಮ ಗರಗಸವನ್ನು ಕವಚ, ಶಿರಸ್ತ್ರಾಣ, ಅರಗಳ ಸಮೇತ ಒಂದೇ ಬಾಡಿಗೆಗೆ ಕೊಡಲಿ. ಹರಿಹರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ದಾವಣಗೆರೆಯ ಐಟಿಐಗಳು ಎರಡು ದಿನದ ತರಬೇತಿ ನಡೆಸಲಿ: ಮೊದಲ ದಿನ ಪೂರ್ತಿ ಅರ ಹಿಡಿಯುವುದು, ಎರಡನೆಯ ದಿನ ನೆಲದ ಮೇಲೆ ಬಿದ್ದ ಮರದ ಟೊಂಗೆ ಸವರುವುದು.