ಬೆನ್ನು ತಿರುಗಿಸಿ ನಿಂತ ಮದುಮಕ್ಕಳು

ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಲಗ್ನಗಳ ಫೋಟೋ ತೆಗೆಯುವ ಉದ್ಯೋಗದಲ್ಲಿದ್ದಾನೆ. ಹಂದರದ ಲಗ್ನಗಳಲ್ಲಿ ಪಳಗಿದ ಕೈ. ಬೆಟಗೇರಿಯ ಚರ್ಚಿನ ಮದುವೆಯೊಂದಕ್ಕೆ ಕರೆ ಬಂದಾಗ ಮಾತ್ರ ಅವನಿಗೆ ದಿಗಿಲಾಯಿತು. “ಸರ್, ಅಲ್ಲಿ ಮದುಮಕ್ಕಳು ನಮಗ ಬೆನ್ನು ಮಾಡಿ ನಿಲ್ತಾರ್ರಿ. ಮುಖ ಹ್ಯಾಂಗ ತಗೀಬೇಕ್ರಿ?” ಎಂದು ಕೇಳಿದ.

ಪ್ರಶ್ನೆ ಸಣ್ಣದಲ್ಲ. ಹಂದರದಲ್ಲಿ ವಧೂವರರು ನೆರೆದವರಿಗೆ ಎದುರಾಗಿ ಕುಳಿತಿರುತ್ತಾರೆ. ಚರ್ಚಿನಲ್ಲಿ ಅವರು ಸಭಾಪಾಲಕರಿಗೆ ಎದುರಾಗಿ ನಿಲ್ಲುವರು. ಪ್ರತಿಜ್ಞೆಯ ಕಾಲದ ಆ ಮುಖಭಾವವನ್ನು ಪೂರ್ತಿಯಾಗಿ ಕಾಣುವವರು ಅವರೊಬ್ಬರೇ. ಆದುದರಿಂದಲೇ ಕೆಮರಾದವನಿಗೆ ವೇದಿಕೆಯ ಮೆಟ್ಟಿಲನ್ನೇರುವ ಆಶೆ. ಇಂಥದೊಂದು ಮದುವೆಯನ್ನು ನಾನು ಕಂಡಿದ್ದೇನೆ. ಮೊದಲ ಸಾಲಿನಲ್ಲಿ ಕುಳಿತಿದ್ದ ವಧುವಿನ ಅಜ್ಜಿಗೆ ಮೊಮ್ಮಗಳ ಬೆನ್ನೂ ಕಾಣಿಸಲಿಲ್ಲ. ಕಂಡದ್ದು ಫೋಟೋದವರ ಬೆನ್ನು.

ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಫ್ರಾನ್ಸಿನ ಡಗೇರನ ಛಾಯಾಚಿತ್ರ ವಿಧಾನವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಇಬ್ಬರೂ ಸಮವಯಸ್ಕರೆನ್ನಬಹುದು! ಆದರೂ ಒಳಗಿನ ಮಬ್ಬಿನಲ್ಲಿ ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಕದಲದೆ ನಿಲ್ಲಬೇಕಾಗಿದ್ದ ಆ ದಿನಗಳಲ್ಲಿ ಕೆಮರಾ ಬಹುಮಟ್ಟಿಗೆ ಹೊಸ್ತಿಲಿನ ಹೊರಗೇ ಉಳಿಯಿತು. 1887ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಮೆಗ್ನೀಸಿಯಮ್ ಪುಡಿಯು ಬೆಳಕನ್ನೇನೋ ಕೊಟ್ಟಿತು, ಅದರೊಡನೆ ಹೊಗೆಯನ್ನೂ ಕೊಟ್ಟಿತು. ಇಂದಿನ ಕೆಮರಾಗಳಿಗೆ ಕಿಟಕಿಯ ಬೆಳಕೇ ಸಾಕು. ಅದಕ್ಕೆ ಕಾಯಿದೆಯೂ ಅನುಕೂಲವಾಗಿದೆ: 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಮದುವೆಯು ಬೆಳಗಿನ ಆರರಿಂದ ಸಂಜೆಯ ಏಳರೊಳಗೆ ನಡೆಯತಕ್ಕದ್ದು. ಹೀಗಿರುತ್ತ, ಪ್ರಾರ್ಥನೆಯ ನಡುವೆ ಕಣ್ಣು ಕೋರೈಸುವ ಮಿಂಚೇಕೆ?

ಮಿಂಚಿಗಿಂತಲೂ ಅಪಾಯಕಾರಿಯಾದದ್ದು “ಮತ್ತೊಮ್ಮೆ” ಎಂಬ ಮಾತು. ಉಂಗುರ ತೊಡಿಸುವುದು ಮತ್ತೊಮ್ಮೆ, ತಾಳಿ ಕಟ್ಟುವುದು ಮತ್ತೊಮ್ಮೆ. (ದಕ್ಷಿಣ ಭಾರತ ಸಭೆಯ ವಿವಾಹಕ್ರಮದಲ್ಲಿ ಎರಡಕ್ಕೂ ಎಡೆಯುಂಟು.) ಸುಖದಲ್ಲಿಯೂ ದುಃಖದಲ್ಲಿಯೂ ಕೈಬಿಡೆನೆಂದು ಒಬ್ಬರು ಇನ್ನೊಬ್ಬರಿಗೆ ಆಡಿದ ಮಾತಿನಿಂದಲೇ ಅಲ್ಲಿ ಮದುವೆ ಆಗುತ್ತದೆ. ಕೆಮರಾಕ್ಕಾಗಿ ಎರಡನೆಯ ಸಲ ಮಾಡಿದ್ದು ಬರಿಯ ನಾಟಕ. ಆಲ್ಬಮ್ಮಿನಲ್ಲಿ ಕೊನೆಗೆ ಉಳಿಯುವುದೂ ಆ ನಾಟಕವೇ.

ಹಿಂದಿನ ದಿನವೇ ಹೋಗಿ ಸಭಾಪಾಲಕರನ್ನು ಕಂಡು, ಎಲ್ಲಿ ನಿಲ್ಲಬಹುದೆಂದು ಕೇಳಿಕೊಂಡು ಬಾ ಎಂದು ಅವನಿಗೆ ಹೇಳಿದೆ. ಪಕ್ಕದ ಕಿಟಕಿಯ ಬಳಿ ನಿಂತರೆ ಅರ್ಧ ಮುಖ ದೊರೆತೀತು. ಪೂರ್ತಿ ಮುಖಕ್ಕಾಗಿ ದಾಖಲೆ ಪುಸ್ತಕದ ಮೇಜಿನವರೆಗೆ ತಾಳ್ಮೆಯಿರಲಿ. ಅಲ್ಲಿ ವಧೂವರರೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ಆಡಬೇಕಾದ ಮಾತನ್ನು ಆಡಿ ಮುಗಿಸಿದವರ ಮುಖಗಳು ಅವು. ವಧುವಿನ ಬೆರಳು ಇನ್ನೂ ಸ್ವಲ್ಪ ನಡುಗುತ್ತಿರುತ್ತದೆ. ಅಜ್ಜಿಯೂ ಅಷ್ಟು ಹೊತ್ತಿಗೆ ಎದ್ದು ಹತ್ತಿರ ಬಂದಿರುತ್ತಾಳೆ.