ಶಿಬಿರ ಮುಗಿದ ಮೇಲೆ ಉಳಿಯುವುದೇನು?

ಬಾದಾಮಿ, ಮಹಾಕೂಟಗಳಿರುವ ಬಾಗಲಕೋಟೆ ಜಿಲ್ಲೆಯ ಹಿರಿಯರಿಗೆ ಡಾ. ಎಂ.ಸಿ. ಮೋದಿಯವರ ಹೆಸರು ಅಪರಿಚಿತವಲ್ಲ. ಬೀಳಗಿಯಲ್ಲಿ ಜನಿಸಿದ ಈ ನೇತ್ರತಜ್ಞರು ರೋಗಿಗಳು ತಮ್ಮ ಬಳಿಗೆ ಬರಲೆಂದು ಕಾಯಲಿಲ್ಲ. ತಾವೇ ಊರೂರಿಗೆ ಹೋಗಿ ಶಿಬಿರ ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಅವರದು. 1968ರಲ್ಲಿ ಪದ್ಮಭೂಷಣ ಪಡೆದ ಅವರು 2005ರಲ್ಲಿ ನಿಧನರಾದರು.

ಇಂತಹ ಸೇವೆ ಗಡಿಯನ್ನೂ ದಾಟಿದೆ. 2004ರಲ್ಲಿ ಕ್ಯೂಬಾ ಮತ್ತು ವೆನೆಜುವೆಲಾ ದೇಶಗಳು ಲ್ಯಾಟಿನ್ ಅಮೆರಿಕದ ಬಡವರಿಗೆ ಉಚಿತ ನೇತ್ರ ಚಿಕಿತ್ಸೆ ನೀಡುವ ಯೋಜನೆಯನ್ನು ಆರಂಭಿಸಿದವು. 1967ರಲ್ಲಿ ಚೆ ಗೆವಾರರಿಗೆ ಗುಂಡಿಕ್ಕಿದ ಬೊಲಿವಿಯಾದ ಸೈನಿಕ ಮಾರಿಯೋ ತೆರಾನ್ ಮುಪ್ಪಿನಲ್ಲಿ ದೃಷ್ಟಿ ಮಂಜಾದಾಗ, 2006ರಲ್ಲಿ ಅವರ ಪೊರೆ ತೆಗೆದವರು ಅದೇ ಕ್ಯೂಬಾದ ವೈದ್ಯರು! ವೈದ್ಯಕೀಯ ಧರ್ಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2019ರಲ್ಲಿ ಬೊಲಿವಿಯಾದ ಸರಕಾರ ಬದಲಾಯಿತು, ಕ್ಯೂಬಾ ತನ್ನ ವೈದ್ಯರನ್ನು ಹಿಂದಕ್ಕೆ ಕರೆಸಿಕೊಂಡಿತು. ರಾಜತಾಂತ್ರಿಕ ಸ್ನೇಹವನ್ನೇ ನೆಚ್ಚಿಕೊಂಡ ನೆರವು ಆ ಸ್ನೇಹದೊಂದಿಗೇ ಕೊನೆಗೊಳ್ಳುತ್ತದೆ. ಆದುದರಿಂದ ಅತಿಥಿ ವೈದ್ಯ ಎಷ್ಟು ಕಣ್ಣುಗಳನ್ನು ತೆರೆಸಿದ ಎಂಬುದರ ಜೊತೆಗೆ, ಆತ ಹೊರಟುಹೋದ ಮೇಲೆ ಅಲ್ಲಿ ಉಳಿದದ್ದೇನು ಎಂದೂ ಕೇಳಬೇಕಾಗುತ್ತದೆ.

ಈ ಪ್ರಶ್ನೆಗೆ ಉತ್ತರ ನಮ್ಮ ನೆರೆಹೊರೆಯಲ್ಲಿಯೇ ಇದೆ. ಹಿಂದೆ ಪೊರೆ ತೆಗೆಸಿಕೊಂಡವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಕಣ್ಣಿನೊಳಗೆ ಕೂರಿಸುವ ಕೃತಕ ಮಸೂರ ಬಂದಾಗ ಅದರ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. 1992ರಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಯ ಬಳಗ ಅದನ್ನು ಇಲ್ಲಿಯೇ ತಯಾರಿಸಲು ತೊಡಗಿ ಬೆಲೆಯನ್ನು ಇಳಿಸಿತು. ನೇಪಾಳದ ಡಾ. ಸಂದುಕ್ ರುಯಿತ್ ಕಠ್ಮಂಡುವಿನಲ್ಲಿ ಇದೇ ಹಾದಿ ಹಿಡಿದರು. ಅವರು ಉತ್ತರ ಕೊರಿಯಾಕ್ಕೂ ಹೋದರು. ಶಸ್ತ್ರಚಿಕಿತ್ಸೆ ನಡೆಸಿದ್ದಲ್ಲದೆ ಅಲ್ಲಿನ ವೈದ್ಯರಿಗೂ ಆ ವಿದ್ಯೆಯನ್ನು ಕಲಿಸಿದರು. ಕಲಿತ ಕೈಗಳನ್ನು ಯಾವ ಸರಕಾರವೂ ಹಿಂದಕ್ಕೆ ಕರೆಸಿಕೊಳ್ಳಲಾರದು.

ನಮ್ಮ ಊರುಗಳಲ್ಲಿಯೂ ಸಂಘಸಂಸ್ಥೆಗಳು ನೇತ್ರ ಶಿಬಿರ ನಡೆಸುತ್ತವೆ. ಅದು ಸ್ತುತ್ಯರ್ಹ. ಆದರೆ ಬ್ಯಾನರ್ ಇಳಿಸಿದ ಮರುದಿನ ಕಣ್ಣು ಕೆಂಪಾದ ರೋಗಿ ಯಾರನ್ನು ಕಾಣಬೇಕು? ವಾರದ ಬಳಿಕದ ತಪಾಸಣೆಗೆ ಆತನನ್ನು ಕರೆದೊಯ್ಯುವವರು ಯಾರು? ಭಾವಚಿತ್ರಕ್ಕೆ ವಹಿಸುವ ಆಸಕ್ತಿಯನ್ನು ಸಂಘಟಕರು ಇದಕ್ಕೂ ವಹಿಸಬೇಕು.

ಮನೆಯೊಳಗೂ ಒಮ್ಮೆ ನೋಡೋಣ. ಬಾಗಿಲಲ್ಲಿ ನಿಂತ ಮೊಮ್ಮಗನ ಗುರುತು ಹತ್ತದ ಅಜ್ಜಿಗೆ ನಾವು ಹೇಳುವುದು 'ವಯಸ್ಸಾಯಿತಲ್ಲ' ಎಂದು. ಪೊರೆ ಚಿಕಿತ್ಸೆಯಲ್ಲಿ ಪುರುಷರಿಗಿಂತ ಮಹಿಳೆಯರು ಹಿಂದುಳಿದಿರುವುದು ಜಗತ್ತಿನ ಬಹುಭಾಗದ ಅನುಭವ. ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ. ಸರಕಾರಿ ಆಸ್ಪತ್ರೆಗಳಲ್ಲಿ ಪೊರೆಗೆ ಉಚಿತ ಶಸ್ತ್ರಚಿಕಿತ್ಸೆಯೂ ಇದೆ.

ಅಪರಿಚಿತರ ಕಣ್ಣಿಗಾಗಿ ವೈದ್ಯರು ಸಮುದ್ರವನ್ನೇ ದಾಟಿದರು. ನಮ್ಮದೇ ಅಜ್ಜಿಯನ್ನು ಜಿಲ್ಲಾಸ್ಪತ್ರೆಯ ಬಸ್ಸು ಹತ್ತಿಸಲು ನಮಗೆ ಒಂದು ದಿನದ ಬಿಡುವೂ ಇಲ್ಲವೇ?